ಮಾಡೆಲರ್‌ನಲ್ಲಿ ಗಿಟಾರ್ ಟೋನ್ ಕಟ್ಟುವುದು: ಮೊದಲು ಕ್ಯಾಬ್, ಆಮೇಲೆ ಆಂಪ್

ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕಟ್ಟಿದ ಪ್ಯಾಚ್ (ಯಂತ್ರದಲ್ಲಿ ಉಳಿಸಿಟ್ಟ ದನಿಯ ಹೊಂದಾಣಿಕೆ) ಮರುದಿನದ ತಾಲೀಮಿನಲ್ಲಿ ಕಾಣೆಯಾಗುತ್ತದೆ. ಡ್ರಮ್ಸ್ ಶುರುವಾದೊಡನೆ ಗಿಟಾರ್ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಕೆಳಗೆ ಗುಮ್ಮೆನ್ನುವ ಸದ್ದು, ಮೇಲೆ ಕಿವಿ ಕೊರೆಯುವ ಸದ್ದು. ನಡುವೆ ಇರಬೇಕಾದ ಸ್ವರ ಮಾತ್ರ ಇಲ್ಲ. ಡಿಜಿಟಲ್ ಆಂಪ್ ಮಾಡೆಲರ್, ಅಂದರೆ ಗಿಟಾರ್ ಆಂಪ್ಲಿಫೈಯರಿನ ದನಿಯನ್ನು ನಕಲು ಮಾಡುವ ಯಂತ್ರ, ಕೊಂಡವರಲ್ಲಿ ಈ ನಿರಾಸೆ ಕಾಣದವರು ಕಡಿಮೆ.

ತಪ್ಪನ್ನು ಯಂತ್ರದ ತಲೆಗೆ ಕಟ್ಟುವುದು ಸುಲಭ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂದಾಗ ಆ ದೂರಿನಲ್ಲಿ ಹುರುಳಿತ್ತು. ಆದರೆ 2006ರಲ್ಲಿ ಫ್ರಾಕ್ಟಲ್‌ನ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ಕೆಂಪರ್ ಪ್ರೊಫೈಲರ್, 2015ರಲ್ಲಿ ಲೈನ್ 6 ಹೀಲಿಕ್ಸ್ ಬಂದ ಮೇಲೆ ಆಂಪಿನ ನಕಲು ದೊಡ್ಡ ಸಮಸ್ಯೆಯಾಗಿ ಉಳಿದಿಲ್ಲ. ಈಗಿನ ತೊಂದರೆ ಬಹುಮಟ್ಟಿಗೆ ಕೆಲಸದ ಕ್ರಮದಲ್ಲಿದೆ. ಆಂಪ್ ಆರಿಸುತ್ತೇವೆ, ಬಾಸ್, ಮಿಡ್, ಟ್ರೆಬಲ್ ತಿರುಗಿಸುತ್ತೇವೆ, ಸರಿ ಕಾಣದಿದ್ದರೆ ಇನ್ನೊಂದು ಆಂಪ್ ಹಾಕುತ್ತೇವೆ. ದನಿಯನ್ನು ಅತಿ ಹೆಚ್ಚು ಬದಲಿಸುವ ಎರಡು ಸಂಗತಿಗಳನ್ನು, ಅಂದರೆ ಎಷ್ಟು ಜೋರಾಗಿ ಕೇಳುತ್ತಿದ್ದೇವೆ ಮತ್ತು ಯಾವ ಸ್ಪೀಕರ್, ಯಾವ ಮೈಕ್ ಮೂಲಕ ಕೇಳುತ್ತಿದ್ದೇವೆ ಎಂಬುದನ್ನು, ಕೊನೆಗೆ ನೋಡುತ್ತೇವೆ ಅಥವಾ ನೋಡುವುದೇ ಇಲ್ಲ.

ಕೇಳುತ್ತಿರುವುದು ಮೈಕಿನ ದನಿ

ನಿಜವಾದ ಆಂಪಿನ ಮುಂದೆ ನಿಂತಾಗ ಸ್ಪೀಕರ್ ಮೊಣಕಾಲಿನ ಮಟ್ಟದಲ್ಲಿರುತ್ತದೆ, ಕಿವಿ ಎರಡು ಮೂರು ಮೀಟರ್ ದೂರದಲ್ಲಿ, ಅದರ ನೇರದಿಂದ ಮೇಲೆ ಇರುತ್ತದೆ. ಸ್ಪೀಕರಿನ ಚೂಪು ದನಿ ಮುಂದಕ್ಕೆ ನೇರವಾಗಿ ಹೋಗುವುದರಿಂದ ಅದು ನಮ್ಮ ಕಾಲಿಗೆ ಬಡಿಯುತ್ತದೆ. ಕಿವಿಗೆ ಬರುವುದು ಗೋಡೆ, ನೆಲ, ಚಾವಣಿಗೆ ತಾಗಿ ಮೆತ್ತಗಾದ ದನಿ. ಮಾಡೆಲರ್ ಕೊಡುವುದು ಇದನ್ನಲ್ಲ. ಸ್ಪೀಕರಿನ ಜಾಲರಿಯಿಂದ ಎರಡು ಬೆರಳಗಲ ದೂರದಲ್ಲಿ ಮೈಕ್ ಇಟ್ಟರೆ ಆ ಮೈಕಿಗೆ ಕೇಳುವುದನ್ನು ಅದು ಕೊಡುತ್ತದೆ. ರೆಕಾರ್ಡ್‌ಗಳಲ್ಲಿ ನಾವು ಕೇಳಿ ಮೆಚ್ಚಿದ ಗಿಟಾರ್ ದನಿಯೂ ಇದೇ. ಕೋಣೆಯಲ್ಲಿನ ಆಂಪಿನ ನೆನಪಿಟ್ಟುಕೊಂಡು ಮಾಡೆಲರಿನಲ್ಲಿ ಅದನ್ನೇ ಹುಡುಕುತ್ತಾ ಹೋದರೆ ದಾರಿ ತಪ್ಪುತ್ತದೆ.

ಒಂದು ಪ್ರಯೋಗ ಮಾಡಿ ನೋಡಿ. ವಾಲ್ಯೂಮ್ ಚೆನ್ನಾಗಿ ಇಳಿಸಿಕೊಂಡು, ಡಿಸ್ಟಾರ್ಶನ್ (ಒಡೆದ ದನಿ) ಇರುವ ಪ್ಯಾಚ್‌ನಲ್ಲಿ ಕ್ಯಾಬ್ ಬ್ಲಾಕನ್ನು, ಅಂದರೆ ಸ್ಪೀಕರ್ ಪೆಟ್ಟಿಗೆ ಮತ್ತು ಮೈಕನ್ನು ನಕಲು ಮಾಡುವ ಭಾಗವನ್ನು, ಆಫ್ ಮಾಡಿ. ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಸಿಡಿಯುವ, ಕೇಳಲಾಗದ ಸದ್ದು ಬರುತ್ತದೆ. ಆಂಪ್ ನಿಜವಾಗಿ ಹೊರಬಿಡುವುದು ಅದನ್ನೇ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ, ಹಾಗಾಗಿ ಆ ಸಿಡಿತವನ್ನು ನುಂಗಿಹಾಕುತ್ತದೆ. ಇಷ್ಟು ದೊಡ್ಡ ಕೆಲಸವನ್ನು ಆಂಪಿನ ಯಾವ ನಾಬ್ ಕೂಡ ಮಾಡಲಾರದು. ಕ್ಯಾಬ್ ಮೊದಲು ಎನ್ನುವುದಕ್ಕೆ ಕಾರಣ ಇದು.

ಎಷ್ಟು ಜೋರಾಗಿ ಕೇಳಬೇಕು

1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಮನುಷ್ಯರ ಕಿವಿಯ ಬಗ್ಗೆ ಅಳೆದು ತೋರಿಸಿದ ಸಂಗತಿ ಗಿಟಾರ್ ನುಡಿಸುವವರೆಲ್ಲರಿಗೂ ತಿಳಿದಿರಬೇಕು. ಸದ್ದು ಸಣ್ಣದಿದ್ದಾಗ ಕಿವಿಗೆ ತೀರಾ ಕೆಳಗಿನ ಮತ್ತು ಮೇಲಿನ ಕಂಪನಗಳು ಸರಿಯಾಗಿ ಕೇಳುವುದಿಲ್ಲ, ನಡುವಿನವು ಮಾತ್ರ ಎದ್ದು ಕೇಳುತ್ತವೆ. ಸದ್ದು ಏರಿದಂತೆ ಈ ವ್ಯತ್ಯಾಸ ಕರಗುತ್ತಾ ಹೋಗುತ್ತದೆ. ಹಾಗಾಗಿ ಮೆಲ್ಲಗೆ ಕೇಳುತ್ತಾ ಪ್ಯಾಚ್ ಕಟ್ಟುವಾಗ ಬಾಸ್ ಸಾಲದು ಎನ್ನಿಸಿ ಏರಿಸುತ್ತೇವೆ, ಹೊಳಪು ಸಾಲದು ಎಂದು ಟ್ರೆಬಲ್ ಏರಿಸುತ್ತೇವೆ, ಮಿಡ್ ಜಾಸ್ತಿಯಾಯಿತೆಂದು ಇಳಿಸುತ್ತೇವೆ. ಅದೇ ಪ್ಯಾಚನ್ನು ವೇದಿಕೆಯ ಮಟ್ಟಕ್ಕೆ ಏರಿಸಿದಾಗ ಕಿವಿ ಎಲ್ಲವನ್ನೂ ಹೆಚ್ಚು ಸಮನಾಗಿ ಕೇಳತೊಡಗುತ್ತದೆ. ನಾವು ಸೇರಿಸಿದ್ದೆಲ್ಲ ಅತಿಯಾಗಿ, ಕಳೆದದ್ದು ಕಳೆದೇ ಹೋಗಿರುತ್ತದೆ. ಮೊದಲ ಸಾಲಿನಲ್ಲಿ ಹೇಳಿದ ಮಾಯಾವಿ ಪ್ಯಾಚ್ ಹುಟ್ಟುವುದು ಹೀಗೆ.

ವೇದಿಕೆಗೆಂದು ಕಟ್ಟುವ ಪ್ಯಾಚನ್ನು ಕೊನೆಯ ಹಂತದಲ್ಲಾದರೂ 85ರಿಂದ 90 ಡೆಸಿಬೆಲ್ ಮಟ್ಟದಲ್ಲಿ ಕೇಳಿ ತಿದ್ದಬೇಕು. ಮೊಬೈಲಿನ ಡೆಸಿಬೆಲ್ ಆ್ಯಪ್ ನಿಖರವಲ್ಲದಿದ್ದರೂ ಅಂದಾಜಿಗೆ ಸಾಕು. ಹತ್ತು ಹದಿನೈದು ನಿಮಿಷ ಕೇಳಿ, ಬಿಡುವು ಕೊಟ್ಟು, ಮತ್ತೆ ಕೇಳಿ. ಕಿವಿ ದಣಿದರೆ ಎಲ್ಲವೂ ಮಂಕಾಗಿ ಕೇಳಿ ಟ್ರೆಬಲ್ ಮೇಲಕ್ಕೆ ಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದು ಆಗದ ಮಾತು ಎನ್ನುವವರು ತಾಲೀಮಿನ ಕೋಣೆಯಲ್ಲಿ ಅರ್ಧ ಗಂಟೆ ಮುಂಚೆ ಹೋಗಿ, ಅಲ್ಲಿಯ ಸ್ಪೀಕರಿನಲ್ಲೇ ಈ ಕೊನೆಯ ತಿದ್ದುಪಡಿ ಮಾಡಬಹುದು. ಹೆಡ್‌ಫೋನೊಂದೇ ಗತಿಯಾದರೆ ಮನೆಯಲ್ಲಿ ಪ್ಯಾಚ್ ಸ್ವಲ್ಪ ತೆಳ್ಳಗೆ, ಮಿಡ್ ಸ್ವಲ್ಪ ಮುಂದಾಗಿ ಕೇಳುವಂತೆ ಬಿಡುವುದೇ ಸರಿ. ಯಾವುದೋ ಒಂದು ಸಭಾಂಗಣದಲ್ಲಿ ಎಲ್ಲ ಪ್ಯಾಚ್‌ಗಳೂ ಗುಮ್ಮೆಂದರೆ ಒಂದೊಂದನ್ನೂ ಕೆಡವಿ ಕಟ್ಟಬೇಡಿ. ಬಹುತೇಕ ಮಾಡೆಲರುಗಳಲ್ಲಿ ಎಲ್ಲ ಪ್ಯಾಚಿಗೂ ಒಟ್ಟಿಗೆ ಅನ್ವಯಿಸುವ ಗ್ಲೋಬಲ್ ಇಕ್ಯೂ (ಬೇರೆ ಬೇರೆ ಕಂಪನಗಳನ್ನು ಏರಿಳಿಸುವ ಸಾಧನ) ಇರುತ್ತದೆ. ಅದು ಇರುವುದೇ ಆ ಜಾಗದ ದೋಷ ತಿದ್ದಲಿಕ್ಕೆ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಮರೆಯದೆ ಮೊದಲಿನಂತೆ ಮಾಡಿಡಿ.

ಗಿಟಾರಿನಿಂದ ಯಂತ್ರದ ಬಾಗಿಲವರೆಗೆ

ಒಳಹೋಗುವ ಸಿಗ್ನಲ್ ಸರಿಯಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ಬ್ಯಾಟರಿ ಇಲ್ಲದ ಮಾಮೂಲಿ ಪಿಕಪ್‌ಗಳಿಗೆ ಸುಮಾರು 1 ಮೆಗಾಓಮ್ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ವಿದ್ಯುತ್ ತಡೆ) ಇರುವ ಇನ್‌ಪುಟ್ ಬೇಕು. ಮಾಡೆಲರಿನ ಗಿಟಾರ್ ಇನ್‌ಪುಟ್‌ನಲ್ಲಿ ಅದು ಇದ್ದೇ ಇರುತ್ತದೆ. ಎಡವುವುದು ಕಂಪ್ಯೂಟರಿನಲ್ಲಿ ಪ್ಲಗಿನ್ (ಆಂಪನ್ನು ನಕಲು ಮಾಡುವ ಸಾಫ್ಟ್‌ವೇರ್) ಬಳಸುವವರು. ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ಗಿಟಾರ್ ಚುಚ್ಚಿದರೆ ಮೇಲಿನ ಹೊಳಪೆಲ್ಲ ಸತ್ತು ಕಂಬಳಿ ಹೊದಿಸಿದಂತೆ ಕೇಳುತ್ತದೆ. ಇನ್‌ಸ್ಟ್ರುಮೆಂಟ್ ಎಂದು ಬರೆದ ಗುಂಡಿ ಒತ್ತಿರಬೇಕು.

ಪ್ಲಗಿನ್ ಬಳಸುವವರಿಗೇ ಇನ್ನೂ ಒಂದು ಎಚ್ಚರಿಕೆ. ಇಂಟರ್‌ಫೇಸಿನ ಗೇನ್ ನಾಬ್ ಬರೀ ರೆಕಾರ್ಡಿಂಗ್ ಮಟ್ಟ ಬದಲಿಸುವುದಲ್ಲ, ಪ್ಲಗಿನ್ನಿನ ಆಂಪಿಗೆ ಎಷ್ಟು ಬಲವಾದ ಸಿಗ್ನಲ್ ಬಡಿಯುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ. ಮೀಟರ್ ತುಂಬ ಏರಲಿ ಎಂದು ಅದನ್ನು ಹೆಚ್ಚಿಸಿದರೆ ಗಿಟಾರ್ ಮತ್ತು ಆಂಪ್ ನಡುವೆ ಕಾಣದ ಬೂಸ್ಟ್ ಪೆಡಲೊಂದು ಕೂತಂತೆ. ಕ್ಲೀನ್ ಎಂದು ಆರಿಸಿದ ಆಂಪ್ ಬಿರುಕುಬಿಡತೊಡಗುವುದು ಇದರಿಂದಲೇ. ಗೇನನ್ನು ಕನಿಷ್ಠದಲ್ಲಿಟ್ಟು ಶುರುಮಾಡಿ. ಪ್ಲಗಿನ್ ತಯಾರಕರು ಇಂತಿಷ್ಟು ಒಳಮಟ್ಟ ಎಂದು ಸೂಚಿಸಿದ್ದರೆ ಅದಕ್ಕೆ ಹೊಂದಿಸಿ. ಜೋರಾಗಿ ಮೀಟಿದಾಗ ಕೆಂಪು ದೀಪ ಹೊತ್ತಬಾರದು. ಡಿಜಿಟಲ್ ಕ್ಲಿಪ್ಪಿಂಗ್ ಟ್ಯೂಬಿನ ಡಿಸ್ಟಾರ್ಶನ್‌ನಂತೆ ಹಿತವಾಗಿರುವುದಿಲ್ಲ, ಕರ್ರೆಂದು ಒಡೆಯುತ್ತದೆ.

ಕೇಬಲ್ಲಿನ ಉದ್ದವೂ ದನಿ ಬದಲಿಸುತ್ತದೆ. ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಗುಣ) ಒಂದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದರೆ 6 ಮೀಟರ್ ಕೇಬಲ್ಲಿಗೆ 600. ಅದು ಪಿಕಪ್ಪಿನ ಚೂಪನ್ನು ಸ್ವಲ್ಪ ಸವೆಸುತ್ತದೆ. ಕೇಬಲ್ ಬಿಟ್ಟು ವೈರ್‌ಲೆಸ್‌ಗೆ ಹೋದವರಿಗೆ ಪ್ಯಾಚ್ ಒಮ್ಮೆಲೇ ಕರ್ಕಶವೆನಿಸುವುದು ಈ ಸವೆತ ಇಲ್ಲದಾಗುವುದರಿಂದ. ಫಝ್ ಪೆಡಲಿನ (ದನಿಯನ್ನು ತೀರಾ ಒರಟಾಗಿ ಒಡೆಯುವ ಪೆಡಲ್) ಮಾಡೆಲ್ ಬಳಸುವಾಗ ಅದನ್ನು ಸರಪಳಿಯ ಮೊದಲಲ್ಲೇ ಇಟ್ಟು, ಆ ಸೌಲಭ್ಯವಿದ್ದರೆ ಇನ್‌ಪುಟ್ ಇಂಪಿಡೆನ್ಸನ್ನು ಆಟೊ ಮಾಡಿ. ಹಳೆಯ ಫಝ್‌ಗಳು ಗಿಟಾರನ್ನು ಬಿಗಿಯಾಗಿ ಎಳೆಯುತ್ತಿದ್ದವು, ಗಿಟಾರಿನ ವಾಲ್ಯೂಮ್ ತಗ್ಗಿಸಿದಾಗ ದನಿ ತಿಳಿಯಾಗುತ್ತಿದ್ದುದು ಆ ಎಳೆತದಿಂದ.

ಗುಯ್‌ಗುಡುವ ಸದ್ದಿದ್ದರೆ ನಾಯ್ಸ್ ಗೇಟ್ (ಒಂದು ಮಟ್ಟಕ್ಕಿಂತ ಸಣ್ಣ ಸದ್ದನ್ನು ಮುಚ್ಚಿಹಾಕುವ ಬ್ಲಾಕ್) ಹಾಕುವ ಮೊದಲು ಮೂಲ ಹುಡುಕಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಸಿಂಗಲ್-ಕಾಯಿಲ್ ಪಿಕಪ್ ಹಿಡಿಯುವ ಗುಯ್ ಕೂಡ 50 ಮತ್ತು ಅದರ ಗುಣಕಗಳಲ್ಲಿರುತ್ತದೆ. ಕೂತ ದಿಕ್ಕು ಬದಲಿಸಿದರೆ ಅದು ಕಡಿಮೆಯಾಗುವುದಿದ್ದರೆ ಪಿಕಪ್ಪಿನದು. ತಂತಿ ಮುಟ್ಟಿದಾಗ ನಿಲ್ಲುವುದಿದ್ದರೆ ಗೋಡೆಯ ಸಾಕೆಟ್ಟಿನ ಅರ್ತಿಂಗ್ ಅನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ನಿಲ್ಲುವುದಿದ್ದರೆ ಅದು ಯುಎಸ್‌ಬಿ ಮೂಲಕ ಬಂದ ಗ್ರೌಂಡ್ ಲೂಪ್. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಮುರಿದು ಗುಯ್ ನಿಲ್ಲಿಸುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ, ಯಾವ ಕಾರಣಕ್ಕೂ ಮಾಡಬಾರದು. ಗೇಟ್ ಹಾಕಲೇಬೇಕಾದರೆ ತಂತಿಗಳನ್ನು ಅಂಗೈಯಿಂದ ಮುಚ್ಚಿ, ಗಲಾಟೆ ಆಗಷ್ಟೇ ನಿಲ್ಲುವ ಮಟ್ಟಕ್ಕೆ ಥ್ರೆಶೋಲ್ಡ್ ಏರಿಸಿ, ಅಲ್ಲೇ ಬಿಡಿ. ಅದಕ್ಕಿಂತ ಮೇಲೆ ಹೋದರೆ ಎಳೆದು ಬಿಟ್ಟ ಸ್ವರದ ಬಾಲ ಕತ್ತರಿಸಿಹೋಗುತ್ತದೆ.

ಕ್ಯಾಬ್: ಕೆಲಸದ ಅರ್ಧ ಇಲ್ಲೇ

ಕ್ಯಾಬ್ ಬ್ಲಾಕಿನಲ್ಲಿ ಸಾಮಾನ್ಯವಾಗಿ ಇರುವುದು ಇಂಪಲ್ಸ್ ರೆಸ್ಪಾನ್ಸ್, ಚಿಕ್ಕದಾಗಿ ಐಆರ್. ಒಂದು ಸ್ಪೀಕರ್, ಒಂದು ಪೆಟ್ಟಿಗೆ, ಒಂದು ಮೈಕ್, ಆ ಮೈಕಿನ ಒಂದು ಜಾಗ, ಇಷ್ಟೂ ಸೇರಿ ದನಿಯನ್ನು ಹೇಗೆ ಬದಲಿಸುತ್ತವೆ ಎಂಬುದರ ಅಚ್ಚು ಅದು. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್‌ಗಳ ಐಆರ್ ಎಂದರೆ ಸುಮಾರು 21 ಮಿಲಿಸೆಕೆಂಡ್, 2048 ಎಂದರೆ ಸುಮಾರು 43. ಉದ್ದ ಹೆಚ್ಚಿದರೆ ಕೆಳಗಿನ ಕಂಪನಗಳ ವಿವರ ಇನ್ನಷ್ಟು ನಿಖರ. ಆದರೆ ಈ ವ್ಯತ್ಯಾಸಕ್ಕಿಂತ ಮೈಕನ್ನು ಒಂದು ಬೆರಳು ಸರಿಸಿದಾಗ ಆಗುವ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು.

ಸ್ಪೀಕರಿನ ನಡುವಿನ ಗುಬುಟಿಗೆ ನೇರವಾಗಿ ಮೈಕ್ ಇಟ್ಟರೆ ದನಿ ಅತ್ಯಂತ ಚೂಪು. ಅಲ್ಲಿಂದ ಅಂಚಿನ ಕಡೆಗೆ ಸರಿದಂತೆ ಮೇಲಿನ ಸಿಡಿತ ಕಡಿಮೆಯಾಗಿ ದನಿ ದುಂಡಗಾಗುತ್ತದೆ, ಇನ್ನೂ ಸರಿದರೆ ಮಂಕಾಗುತ್ತದೆ. ಗುಬುಟು ಮುಗಿದು ಕಾಗದದ ಕೋನ್ ಶುರುವಾಗುವ ಗೆರೆಯ ಆಸುಪಾಸಿನಲ್ಲಿ ಹುಡುಕಾಟ ಆರಂಭಿಸಿ. ಎರಡನೆಯದು ದೂರ: ಶ್ಯೂರ್ ಎಸ್‌ಎಂ57ನಂಥ ಒಂದೇ ದಿಕ್ಕಿನ ಮೈಕ್ ಹತ್ತಿರ ಹೋದಷ್ಟೂ ಬಾಸ್ ಉಬ್ಬಿಸುತ್ತದೆ. ದನಿ ಗುಮ್ಮೆನ್ನುತ್ತಿದ್ದರೆ ಆಂಪಿನ ಬಾಸ್ ಮುಟ್ಟುವ ಮೊದಲು ಮೈಕನ್ನು 2ರಿಂದ 5 ಸೆಂಟಿಮೀಟರ್ ಹಿಂದಕ್ಕೆ ಎಳೆದು ನೋಡಿ. ಟ್ರೆಬಲ್ ನಾಬಿನಿಂದ ಹೋಗದ ಕರ್ಕಶತೆ ಮೈಕನ್ನು ಬೆರಳಷ್ಟು ಸರಿಸಿದಾಗ ಹೋಗುವುದು ಕೇಳಿದವರು ಮತ್ತೆ ಆಂಪಿನಿಂದ ಶುರುಮಾಡುವುದಿಲ್ಲ.

ಮೈಕಿನ ಜಾತಿಗೂ ಅದರದರ ಸ್ವಭಾವವಿದೆ. ಎಸ್‌ಎಂ57 ಮೇಲುನಡುವಿನಲ್ಲಿ ಮುಂದೆ ಬಂದು ಬ್ಯಾಂಡಿನೊಳಗೆ ಸೀಳಿಕೊಂಡು ಹೋಗುತ್ತದೆ. ರಾಯರ್ ಆರ್-121ನಂಥ ರಿಬ್ಬನ್ ಮೈಕ್ ಮೇಲೆ ಮೆತ್ತಗೆ, ಕೆಳಗೆ ತುಂಬು. ಸೆನ್‌ಹೈಸರ್ ಎಂಡಿ421 ಕೆಳನಡುವಿಗೆ ಮೈಕಟ್ಟು ಕೊಡುತ್ತದೆ. 57ರ ಜತೆ ರಿಬ್ಬನ್ ಬೆರೆಸುವುದು ಸ್ಟುಡಿಯೊಗಳ ಹಳೆಯ ರೂಢಿ. ಆದರೆ ಎರಡು ಮೈಕ್ ಎಂದಾಗ ಫೇಸ್ ತೊಡಕು ಬರುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ 17 ಸೆಂಟಿಮೀಟರ್ ಹಿಂದಿದ್ದರೆ ಅದಕ್ಕೆ ಸದ್ದು ಅರ್ಧ ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಸಮನಾಗಿ ಬೆರೆಸಿದರೆ 1 ಕಿಲೋಹರ್ಟ್ಸ್‌ನಲ್ಲಿ, ಮತ್ತೆ 3ರಲ್ಲಿ, 5ರಲ್ಲಿ ದನಿ ಹಳ್ಳ ಬೀಳುತ್ತದೆ. ಕೊಳವೆಯೊಳಗೆ ನುಡಿಸಿದಂತೆ ಟೊಳ್ಳಾಗಿ ಕೇಳಿದರೆ ಕಾರಣ ಇದೇ. ಎರಡೂ ಮೈಕ್‌ಗಳ ದೂರ ಒಂದೇ ಮಾಡಿ, ಅಥವಾ ಐಆರ್ ಪ್ಯಾಕ್‌ನಲ್ಲಿ ಮೊದಲೇ ಬೆರೆಸಿ ಹೊಂದಿಸಿದ್ದನ್ನು ಬಳಸಿ.

ಐಆರ್ ಆರಿಸುವಾಗ ಐನೂರು ಫೈಲುಗಳ ರಾಶಿಯಲ್ಲಿ ಮುಳುಗಬೇಡಿ. ಆಂಪಿನ ಸಹಜ ಜೋಡಿಯಿಂದ ಶುರುಮಾಡಿ: ವಾಕ್ಸ್ ಎಸಿ30ಗೆ ಸೆಲೆಶನ್ ಬ್ಲೂ ಸ್ಪೀಕರ್ ಇರುವ 2×12 (ಹನ್ನೆರಡು ಇಂಚಿನ ಎರಡು ಸ್ಪೀಕರಿನ ಪೆಟ್ಟಿಗೆ), ಮಾರ್ಷಲ್‌ನ ಹಳೆಯ ಪ್ಲೆಕ್ಸಿ ಆಂಪಿಗೆ ಗ್ರೀನ್‌ಬ್ಯಾಕ್ ಸ್ಪೀಕರಿನ 4×12, ಭಾರದ ಡಿಸ್ಟಾರ್ಶನ್‌ಗೆ ವಿಂಟೇಜ್ 30 ಇರುವ 4×12. ಮೂರೇ ಮೂರು ಆರಿಸಿ, ಮೂರರ ಸದ್ದಿನ ಮಟ್ಟ ಸಮ ಮಾಡಿ (ಜೋರಾಗಿರುವುದು ಚೆನ್ನಾಗಿದೆ ಎಂದು ಕಿವಿ ಸದಾ ಮೋಸಹೋಗುತ್ತದೆ), ಡ್ರಮ್ಸ್ ಮತ್ತು ಬಾಸ್ ಇರುವ ಟ್ರ್ಯಾಕಿನ ಮೇಲೆ ನುಡಿಸುತ್ತಾ ಒಂದನ್ನು ಉಳಿಸಿಕೊಳ್ಳಿ. ಒಂಟಿಯಾಗಿ ನುಡಿಸಿ ಆರಿಸಿದ ಐಆರ್ ಹೆಚ್ಚಾಗಿ ಬ್ಯಾಂಡಿನಲ್ಲಿ ಸೋಲುತ್ತದೆ.

ಆಮೇಲೆ ಎರಡು ಕತ್ತರಿ. ಕೆಳಗಿನ ಲೋ ಕಟ್ 80ರಿಂದ 100 ಹರ್ಟ್ಸ್‌ನಲ್ಲಿ, ದಟ್ಟ ಡಿಸ್ಟಾರ್ಶನ್ ಇದ್ದರೆ 120ರವರೆಗೆ. ಗಿಟಾರಿನ ದಪ್ಪ ಇ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿರುವುದು ಅಂಗೈ ತಟ್ಟಿದ ಸದ್ದು ಮತ್ತು ಬಾಸ್ ಗಿಟಾರಿನ ಜಾಗದ ಅತಿಕ್ರಮಣ. ಮೇಲಿನ ಹೈ ಕಟ್ 6ರಿಂದ 8 ಕಿಲೋಹರ್ಟ್ಸ್‌ನಲ್ಲಿ. ಇಳಿಜಾರು ಎಷ್ಟು ಕಡಿದು ಎಂಬುದನ್ನೂ ನೋಡಿ. ಒಂದು ಆಕ್ಟೇವಿಗೆ 12 ಡೆಸಿಬೆಲ್ ಇಳಿಯುವ ಫಿಲ್ಟರಿಗೆ 7 ಕಿಲೋಹರ್ಟ್ಸ್ ಸರಿಯಾದರೆ, 6 ಡೆಸಿಬೆಲ್ ಮಾತ್ರ ಇಳಿಯುವ ಮೆದು ಫಿಲ್ಟರನ್ನು 5ರ ಹತ್ತಿರಕ್ಕೆ ತರಬೇಕಾಗುತ್ತದೆ. ಬೇರೆಯವರ ಪ್ಯಾಚಿನ ಅಂಕಿ ನೋಡಿ ಹಾಕಿದಾಗ ಫಲ ಬೇರೆಯಾಗುವುದಕ್ಕೆ ಇದೂ ಒಂದು ಕಾರಣ.

ತೀರಾ ಮಂಕಾಗಿ, ಗೋಡೆಯಾಚೆಯಿಂದ ಕೇಳಿದಂತಿದ್ದರೆ ಕ್ಯಾಬ್ ಎರಡು ಬಾರಿ ಬಂದಿದೆಯೇ ನೋಡಿ. ಐಆರ್ ಲೋಡ್ ಮಾಡಿ ಹಳೆಯ ಕ್ಯಾಬ್ ಬ್ಲಾಕ್ ತೆಗೆಯದೆ ಬಿಟ್ಟಿರಬಹುದು. ಕ್ಯಾಬ್ ಸೇರಿಸಿಯೇ ಹಿಡಿದ ಪ್ರೊಫೈಲಿಗೆ (ನಿಜವಾದ ಆಂಪಿನಿಂದ ಹಿಡಿದ ನಕಲಿಗೆ) ಇನ್ನೊಂದು ಕ್ಯಾಬ್ ಹಾಕಿರಬಹುದು. ಅಥವಾ ಕ್ಯಾಬ್ ಆನ್ ಇಟ್ಟುಕೊಂಡೇ ನಿಜವಾದ ಗಿಟಾರ್ ಆಂಪಿಗೆ ಜೋಡಿಸಿರಬಹುದು. ಗಿಟಾರ್ ಆಂಪಿಗೆ ಹೋಗುವಾಗ ಕ್ಯಾಬ್ ಆಫ್ ಮಾಡಿ, ಮುಂದಿನ ಇನ್‌ಪುಟ್ ಬಿಟ್ಟು ಹಿಂದಿನ ಎಫೆಕ್ಟ್ಸ್ ರಿಟರ್ನ್‌ಗೆ ಚುಚ್ಚಿ. ಮುಂದಿನ ಇನ್‌ಪುಟ್‌ಗೆ ಚುಚ್ಚಿದರೆ ಮಾಡೆಲಿನ ಪ್ರಿಆಂಪಿನ (ಆಂಪಿನ ಮೊದಲ ಹಂತದ) ಮೇಲೆ ನಿಜದ ಪ್ರಿಆಂಪೊಂದು ಕೂರುತ್ತದೆ.

ಆಂಪಿನ ನಾಬ್‌ಗಳು

ಬಾಸ್, ಮಿಡ್, ಟ್ರೆಬಲ್ ಮೂರನ್ನೂ 5ರಲ್ಲಿಟ್ಟರೆ ದನಿ ಸಮತಟ್ಟು ಎಂಬ ನಂಬಿಕೆ ತಪ್ಪು. ಫೆಂಡರ್ ಮಾದರಿಯ ಟೋನ್ ಸರ್ಕ್ಯೂಟ್ ಸಮತಟ್ಟಿಗೆ ಹತ್ತಿರ ಬರುವುದು ಬಾಸ್ ಮತ್ತು ಟ್ರೆಬಲ್ ಸೊನ್ನೆಗೆ, ಮಿಡ್ ಹತ್ತಕ್ಕೆ ಇಟ್ಟಾಗ. 5-5-5ರಲ್ಲಿ ನಡುವೆ ದೊಡ್ಡ ತಗ್ಗಿರುತ್ತದೆ. ಮೂರೂ ನಾಬ್‌ಗಳು ಒಂದೇ ಸರ್ಕ್ಯೂಟಿನ ಅಂಗಗಳಾದ್ದರಿಂದ ಒಂದನ್ನು ತಿರುಗಿಸಿದರೆ ಉಳಿದೆರಡರ ಪ್ರಭಾವವೂ ಬದಲಾಗುತ್ತದೆ, ಒಳ್ಳೆಯ ಮಾಡೆಲ್ ಇದನ್ನೂ ಅನುಕರಿಸುತ್ತದೆ. ಅಂಕಿ ನೋಡದೆ ಕಿವಿಯಿಂದ ತಿರುಗಿಸಿ. ಮಿಡ್ 8ರಲ್ಲಿ ನಿಂತರೆ ಗಾಬರಿಬೀಳುವ ಕಾರಣವಿಲ್ಲ.

ಟೋನ್ ಸರ್ಕ್ಯೂಟ್ ಗೇನಿನ ಮುಂಚೆ ಇದೆಯೋ ಆಮೇಲೆ ಇದೆಯೋ ಎಂಬುದು ಆಂಪಿನಿಂದ ಆಂಪಿಗೆ ಬೇರೆ, ಮತ್ತು ಇದನ್ನು ತಿಳಿದರೆ ಅರ್ಧ ಗೊಂದಲ ತೀರುತ್ತದೆ. ಮೆಸಾ ಬೂಗಿ ಮಾರ್ಕ್ ಸರಣಿಯಲ್ಲಿ ಅದು ಮುಖ್ಯ ಗೇನಿಗಿಂತ ಮೊದಲಿದೆ. ಅಲ್ಲಿ ಬಾಸ್ ಏರಿಸಿದರೆ ಹೆಚ್ಚಿದ ಬಾಸ್ ಡಿಸ್ಟಾರ್ಶನ್ನಿನೊಳಗೆ ಹೋಗಿ ರಾಡಿಯಾಗುತ್ತದೆ. ಲೀಡ್ ಚಾನೆಲಿನಲ್ಲಿ ಬಾಸ್ 1ರಿಂದ 2, ಟ್ರೆಬಲ್ 7ರ ಮೇಲೆ ಇಟ್ಟು, ಬೇಕಾದ ತುಂಬುದನಿಯನ್ನು ಗೇನಿನ ಆಚೆ ಇರುವ ಗ್ರಾಫಿಕ್ ಇಕ್ಯೂನ 80 ಹರ್ಟ್ಸ್ ಪಟ್ಟಿಯಿಂದ ಸೇರಿಸಬೇಕು. 750ರ ಪಟ್ಟಿ ಸ್ವಲ್ಪ ಕೆಳಗೆ. ಮಾರ್ಷಲ್ ಜೆಸಿಎಂ800ನಲ್ಲಿ ಟೋನ್ ಸರ್ಕ್ಯೂಟ್ ಪ್ರಿಆಂಪಿನ ಡಿಸ್ಟಾರ್ಶನ್ ಆದ ಮೇಲೆ ಇದೆ, ಹಾಗಾಗಿ ಅದು ನೇರವಾಗಿ ದನಿಯ ಆಕಾರ ತಿದ್ದುತ್ತದೆ: ಪ್ರಿಆಂಪ್ 5ರಿಂದ 6, ಮಾಸ್ಟರ್ 4ರಿಂದ 5, ಬಾಸ್ 3ರಿಂದ 4, ಮಿಡ್ 6ರಿಂದ 7, ಟ್ರೆಬಲ್ 5, ಪ್ರೆಸೆನ್ಸ್ (ಮೇಲಿನ ಹೊಳಪು ಏರಿಸುವ ನಾಬ್) 4 ಎಂಬಲ್ಲಿಂದ ಶುರುಮಾಡಬಹುದು. ಫೆಂಡರ್ ಡೀಲಕ್ಸ್ ರಿವರ್ಬ್‌ನಲ್ಲಿ ವಾಲ್ಯೂಮ್ 3ರಿಂದ 4ಕ್ಕೆ ತಿಳಿ, 6ಕ್ಕೆ ಅಂಚು ಒಡೆಯತೊಡಗುತ್ತದೆ. ವಾಲ್ಯೂಮ್ ಏರಿಸಿದಂತೆ ಬಾಸ್ ಇಳಿಸುತ್ತಾ ಬರಬೇಕು. ವಾಕ್ಸ್ ಎಸಿ30ರ ಟಾಪ್ ಬೂಸ್ಟ್ ಚಾನೆಲಿನಲ್ಲಿ ಮಿಡ್ ನಾಬ್ ಇಲ್ಲ, ಬಾಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸುವುದೇ ಮಿಡ್ ಕಳೆಯುವ ದಾರಿ. ಅದರ ಕಟ್ ನಾಬ್ ಏರಿಸಿದಷ್ಟೂ ಹೊಳಪು ಇಳಿಯುತ್ತದೆ. ಇದನ್ನು ಪ್ರೆಸೆನ್ಸ್ ಎಂದು ಭಾವಿಸಿ ತಿರುಗಿಸಿದವರು ಮಂಕುದನಿಯ ಕಾರಣ ತಿಳಿಯದೆ ಒದ್ದಾಡುತ್ತಾರೆ.

ಹಳೆಯ ಪ್ಲೆಕ್ಸಿಯಲ್ಲಿ ಮಾಸ್ಟರ್ ವಾಲ್ಯೂಮೇ ಇರಲಿಲ್ಲ. ಅದರ ಡಿಸ್ಟಾರ್ಶನ್ನಿನ ಬಹುಪಾಲು ಪವರ್ ಆಂಪನ್ನು (ಆಂಪಿನ ಕೊನೆಯ ಹಂತವನ್ನು) ದಣಿಸಿ ಬಂದದ್ದು. ಅಂಥ ಮಾಡೆಲಿನಲ್ಲಿ ಮಾಸ್ಟರ್ ನಾಬ್ ಕಂಡರೆ ಅದನ್ನು ಪೂರ್ತಿ ಏರಿಸಿಟ್ಟು, ಡಿಸ್ಟಾರ್ಶನ್ ಎಷ್ಟು ಬೇಕೋ ಅದನ್ನು ವಾಲ್ಯೂಮ್ ಅಥವಾ ಡ್ರೈವ್‌ನಿಂದ ಹಿಡಿಯಿರಿ. ಇಲ್ಲೊಂದು ಭೇದ ಗಮನಿಸಿ: ಮಾಸ್ಟರ್ ದನಿಯ ಗುಣವನ್ನು ಬದಲಿಸುತ್ತದೆ, ಚಾನೆಲ್ ವಾಲ್ಯೂಮ್ ಅಥವಾ ಲೆವೆಲ್ ಎಂದಿರುವುದು ಬರೀ ಮಟ್ಟವನ್ನು. ಪ್ಯಾಚ್ ಜೋರಾಯಿತೆಂದು ಮಾಸ್ಟರ್ ಇಳಿಸಿದರೆ ಕಷ್ಟಪಟ್ಟು ಕಟ್ಟಿದ ಮೈಕಟ್ಟು ಹೋಗುತ್ತದೆ.

ಗೇನ್ ವಿಷಯದಲ್ಲಿ ನಿರ್ದಯರಾಗಿ. ಸಾಕು ಎನ್ನಿಸುವಷ್ಟು ಏರಿಸಿ, ಅಲ್ಲಿಂದ ಕಾಲು ಭಾಗ ಇಳಿಸಿ, ಬ್ಯಾಂಡಿನ ಜತೆ ನುಡಿಸಿ ನೋಡಿ. ಗೇನ್ ಹೆಚ್ಚಿದಷ್ಟೂ ದನಿ ಅದುಮಿಕೊಂಡು, ಮೀಟಿದ ಪೆಟ್ಟು ಅಳಿಸಿಹೋಗುತ್ತದೆ. ಡ್ರಮ್ಸಿನ ನಡುವೆ ಗಿಟಾರನ್ನು ಗುರುತಿಸಲು ಕಿವಿ ಹಿಡಿದುಕೊಳ್ಳುವುದು ಆ ಪೆಟ್ಟನ್ನೇ. ಅಂಗೈ ಒತ್ತಿ ನುಡಿಸುವ ರಿದಮ್ ರಾಡಿಯಾಗುತ್ತಿದ್ದರೆ ಆಂಪಿನ ಮುಂದೆ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲಿನ ಮಾಡೆಲ್ ಇಟ್ಟು, ಡ್ರೈವ್ ಸೊನ್ನೆ, ಲೆವೆಲ್ 8ರಿಂದ 10, ಟೋನ್ ಅರ್ಧಕ್ಕೆ ಮಾಡಿ. ಆ ಪೆಡಲಿನ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ನಿಂದ ಕೆಳಕ್ಕೆ ಗೇನ್ ಕಡಿಮೆ ಮಾಡುತ್ತದೆ, ಹಾಗಾಗಿ ಆಂಪಿಗೆ ಬಾಸ್ ಕಡಿಮೆ, ನಡು ಹೆಚ್ಚು ಬಡಿದು ರಿದಮ್ ಬಿಗಿಯಾಗುತ್ತದೆ. ಅದನ್ನು ಹಾಕಿದ ಮೇಲೆ ಆಂಪಿನ ಗೇನನ್ನು ಇನ್ನೂ ಒಂದೆರಡು ಅಂಕಿ ಇಳಿಸಿ.

ಪ್ರೊಫೈಲ್ ಅಥವಾ ಕ್ಯಾಪ್ಚರ್ ಬಳಸುವವರಿಗೆ ಲೆಕ್ಕ ಬೇರೆ. ಕ್ಯಾಪ್ಚರ್ ಎಂದರೆ ಒಂದು ಆಂಪ್ ಒಂದು ನಿರ್ದಿಷ್ಟ ಹೊಂದಾಣಿಕೆಯಲ್ಲಿದ್ದಾಗ ತೆಗೆದ ಚಿತ್ರ. ಅದರ ಮೇಲಿನ ಬಾಸ್, ಟ್ರೆಬಲ್ ಸಾಮಾನ್ಯವಾಗಿ ಮೂಲ ಆಂಪಿನವಲ್ಲ, ಯಂತ್ರ ಒದಗಿಸಿದ ಸಾದಾ ಇಕ್ಯೂ. ಗೇನ್ ನಾಬ್ ಕೂಡ ಅಂದಾಜಿನದು. ಹಾಗಾಗಿ ದೂರ ತಿರುಗಿಸಬೇಡಿ. ಬೇಕಾದ ಗೇನಿಗೆ ಹತ್ತಿರದ ಇನ್ನೊಂದು ಕ್ಯಾಪ್ಚರ್ ಹುಡುಕುವುದು ಮೇಲು.

ಉಳಿದ ತಿದ್ದುಪಡಿ

ಇಷ್ಟಾದ ಮೇಲೂ ಏನೋ ಕೊರತೆ ಕಂಡರೆ ಕ್ಯಾಬಿನ ನಂತರ ಪ್ಯಾರಾಮೆಟ್ರಿಕ್ ಇಕ್ಯೂ ಹಾಕಿ. ಒಂದು ಪಟ್ಟಿಯನ್ನು ಕಿರಿದು ಮಾಡಿ 8 ಡೆಸಿಬೆಲ್ ಏರಿಸಿ, ಮೆಲ್ಲಗೆ ಆಚೀಚೆ ಸರಿಸುತ್ತಾ ನುಡಿಸಿ. ಅಸಹ್ಯ ಎನಿಸುವ ಜಾಗ ಸಿಕ್ಕೊಡನೆ ಅಲ್ಲೇ ನಿಂತು ಸೊನ್ನೆಯಿಂದ 2-3 ಡೆಸಿಬೆಲ್ ಕೆಳಗಿಳಿಸಿ. 200ರಿಂದ 300 ಹರ್ಟ್ಸ್ ಸುತ್ತ ಕೆಸರು, 400-500ರಲ್ಲಿ ರಟ್ಟಿನ ಪೆಟ್ಟಿಗೆ, 800ರಿಂದ 1000ದಲ್ಲಿ ಮೂಗಿನ ದನಿ, 2.5ರಿಂದ 4 ಕಿಲೋಹರ್ಟ್ಸ್‌ನಲ್ಲಿ ಕಿವಿ ಇರಿಯುವ ಚೂಪು. ಈ ಕೊನೆಯದನ್ನು ಪೂರ್ತಿ ತೆಗೆದರೆ ಗಿಟಾರ್ ಮತ್ತೆ ಮಾಯವಾಗುತ್ತದೆ, ಎಚ್ಚರ. ಹಾಡುವವರ ಮಾತು ಸ್ಪಷ್ಟವಾಗುವುದೂ ಇದೇ ವಲಯದಲ್ಲಿ, ಹಾಗಾಗಿ ಹಾಡಿನ ಹಿಂದಿನ ರಿದಮ್ ಪ್ಯಾಚ್‌ನಲ್ಲಿ ಇದನ್ನು ತುಸು ತಗ್ಗಿಸಿ, ಸೋಲೊ ಪ್ಯಾಚ್‌ನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯ ಪದ್ಧತಿ.

ಡಿಲೇ, ರಿವರ್ಬ್ ಆಂಪಿನ ನಂತರ ಇರಲಿ. ಅವು ಕ್ಯಾಬಿನ ಮುಂಚೆಯೋ ಆಮೇಲೋ ಎಂಬ ವಾದಕ್ಕೆ ಮೋನೋದಲ್ಲಿ ಅರ್ಥವಿಲ್ಲ, ತಾವೇ ಡಿಸ್ಟಾರ್ಟ್ ಆಗದ ಡಿಲೇಗೂ ಐಆರಿಗೂ ಅನುಕ್ರಮ ಬದಲಾದರೆ ಫಲ ಬದಲಾಗುವುದಿಲ್ಲ. ಸ್ಟೀರಿಯೊ ಬೇಕಾದರೆ ಮಾತ್ರ ಕ್ಯಾಬಿನ ಆಚೆ ಇಡಿ. ಚುಕ್ಕಿ ಎಂಟರ (ಡಾಟೆಡ್ ಎಯ್ತ್, ಅಂದರೆ ಮುಕ್ಕಾಲು ಬೀಟಿನ) ಡಿಲೇ ಹೊಂದಿಸಲು 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿಯಿಂದ) ಭಾಗಿಸಿ, ಬಂದದ್ದನ್ನು 0.75ರಿಂದ ಗುಣಿಸಿ, 120 ಬಿಪಿಎಂಗೆ 375 ಮಿಲಿಸೆಕೆಂಡ್. ರಿವರ್ಬಿನ ಮಿಕ್ಸ್ 12ರಿಂದ 18 ಪ್ರತಿಶತ ಸಾಕು, ಸಭಾಂಗಣ ತನ್ನ ಪಾಲನ್ನು ತಾನೇ ಸೇರಿಸುತ್ತದೆ.

ಕೊನೆಗೆ ಪ್ಯಾಚ್‌ಗಳ ನಡುವಿನ ಮಟ್ಟ. ಇದನ್ನು ಮೀಟರಿನ ಶಿಖರ ನೋಡಿ ಸಮ ಮಾಡಲಾಗದು: ಕ್ಲೀನ್ ದನಿಯ ಶಿಖರ ಎತ್ತರ, ಸರಾಸರಿ ಕಡಿಮೆ, ಡಿಸ್ಟಾರ್ಶನ್ನಿನದು ತಿರುವುಮುರುವು. ಕಿವಿಯಿಂದ, ಟ್ರ್ಯಾಕಿನ ಮೇಲೆ, ಜೋರಾದ ಮಟ್ಟದಲ್ಲಿ ಹೊಂದಿಸಿ. ಕ್ಲೀನ್ ಪ್ಯಾಚನ್ನು ಮೊದಲು ಕಟ್ಟಿ, ಅದು ಕ್ಲಿಪ್ ಆಗದ ಮಟ್ಟಕ್ಕೆ ಉಳಿದವನ್ನು ತನ್ನಿ. ಸೋಲೊಗೆ 3-4 ಡೆಸಿಬೆಲ್ ಏರಿಕೆಯನ್ನು ಆಂಪಿನ ಆಚೆ ಕೊಡಿ, ಈಚೆ ಕೊಟ್ಟರೆ ಗೇನ್ ಹೆಚ್ಚುತ್ತದೆಯೇ ಹೊರತು ಸದ್ದು ಅಷ್ಟಾಗಿ ಏರುವುದಿಲ್ಲ. ಮಿಕ್ಸರಿಗೆ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಹೋಗುವಾಗ ಮಾಡೆಲರಿನ ಔಟ್‌ಪುಟ್ ಮೈಕ್ ಮಟ್ಟದಲ್ಲಿದೆಯೋ ಲೈನ್ ಮಟ್ಟದಲ್ಲಿದೆಯೋ ಎಂದು ಸೌಂಡ್ ಇಂಜಿನಿಯರ್‌ಗೆ ಮೊದಲೇ ಹೇಳಿ, ಆ ಚಾನೆಲಿನ 48 ವೋಲ್ಟ್ ಫ್ಯಾಂಟಮ್ ಪವರ್ (ಮಿಕ್ಸರ್ ಮೈಕಿಗೆ ಕೊಡುವ ವಿದ್ಯುತ್ತು) ಆಫ್ ಮಾಡಿಸಿ. ಸೌಂಡ್‌ಚೆಕ್‌ನಲ್ಲಿ ಅತ್ಯಂತ ಜೋರಾದ ಸೋಲೊ ಪ್ಯಾಚನ್ನೇ ಮೊದಲು ನುಡಿಸಿ ತೋರಿಸಿ. ಅವರು ಗೇನ್ ಹೊಂದಿಸುವುದು ನೀವು ಆಗ ನುಡಿಸಿದ್ದಕ್ಕೆ.